ನೆಟ್ ಬರ್ತಿದೆ, ಫೋಲ್ಡರ್ ಬರ್ತಿಲ್ಲ: ಅಡಿಕೆ ಮಂಡಿಯೊಂದರ ನೆಟ್‌ವರ್ಕ್ ಪ್ರಕರಣ

ಶಿವಮೊಗ್ಗದ ಒಂದು ಅಡಿಕೆ ಮಂಡಿ ಕಚೇರಿ. ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಮಳೆ ಬಂದು ಹೋಯಿತು. ಇಂಟರ್ನೆಟ್ಟಿನ ಫೈಬರ್ ರೂಟರೂ ಹಿಂದಿನ ಗೋಡೌನಿನಲ್ಲಿದ್ದ ಸಣ್ಣ ಸ್ವಿಚ್ಚೂ ಸುಟ್ಟವು. ಮರುದಿನ ಬೆಳಿಗ್ಗೆ ಇಂಟರ್ನೆಟ್ ಕಂಪನಿಯ ಹುಡುಗ ಹೊಸ ರೂಟರ್ ಕೂರಿಸಿ, ಮೊಬೈಲಿನಲ್ಲಿ ಸ್ಪೀಡ್ ತೋರಿಸಿ ಹೊರಟ. ಹತ್ತೂವರೆ ಹೊತ್ತಿಗೆ ಮಂಡಿಯ ರೈಟರ್ ಫೋನ್ ಮಾಡಿದರು: "ನೆಟ್ ಬರ್ತಿದೆ ಮಾರಾಯ್ರೆ, ಝಡ್ ಡ್ರೈವ್ ಮಾತ್ರ ಓಪನ್ ಆಗ್ತಿಲ್ಲ. ಪಟ್ಟಿ ತೆಗೀಬೇಕು, ರೈತರು ಕೂತಿದ್ದಾರೆ." ಝಡ್ ಡ್ರೈವ್ ಅಂದರೆ ಸರ್ವರಿನ ಹಂಚಿದ ಫೋಲ್ಡರ್, ಉಳಿದ ಕಂಪ್ಯೂಟರುಗಳಲ್ಲಿ ಡ್ರೈವಿನಂತೆ ಕಾಣುವುದು. ಪಟ್ಟಿ ಅಂದರೆ ಮಾರಿದ ಮಾಲಿಗೆ ರೈತರಿಗೆ ಕೊಡುವ ಲೆಕ್ಕದ ಚೀಟಿ.

ಇಂಥ ದೂರು ಕೇಳಿದ ಕೂಡಲೇ ಮನಸ್ಸು ಒಂದೇ ಕಾರಣ ಹುಡುಕುತ್ತದೆ. ಈ ಕಚೇರಿಯಲ್ಲಿ ಕೊನೆಗೆ ಎಣಿಸಿದಾಗ ದೋಷಗಳು ಆರೇಳು ಇದ್ದವು. ಸಿಡಿಲಿನ ಪಾಲು ಅದರಲ್ಲಿ ಎರಡು ಮಾತ್ರ. ಇನ್ನು ಕೆಲವು ಅದೇ ಬೆಳಿಗ್ಗೆ ಯೂಟ್ಯೂಬ್ ನೋಡಿ ಮಾಡಿದ ರಿಪೇರಿಯಿಂದ ಹುಟ್ಟಿದ್ದವು. ಉಳಿದವು ಮೊದಲಿಂದಲೂ ಇದ್ದು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಚೇರಿಯಲ್ಲಿ ಏನೇನಿತ್ತು

ಕಂಪ್ಯೂಟರ್ ಐದು. ಒಳಕೋಣೆಯ ಹಳೇ ಡೆಸ್ಕ್‌ಟಾಪನ್ನೇ ಎಲ್ಲರೂ ಸರ್ವರ್ ಅನ್ನುತ್ತಾರೆ. ಅದು ವಿಂಡೋಸ್ 10 ಪ್ರೊ, ವಿಳಾಸವನ್ನು ಕೈಯಾರೆ 192.168.1.10 ಎಂದು ಕೊಟ್ಟಿದೆ. ಅದರ ಡಿ ಡ್ರೈವಿನಲ್ಲಿ ‘ಮಂಡಿ’ ಎಂಬ ಫೋಲ್ಡರ್, ಒಳಗೆ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್), ಪಟ್ಟಿ, ತೂಕ, ಸ್ಕ್ಯಾನ್ ಎಂದು ನಾಲ್ಕು ಭಾಗ. ಪಟ್ಟಿಯೊಳಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮಾಲಿನ ಪ್ರಕಾರ ಎಕ್ಸೆಲ್ ಫೈಲುಗಳು. ಕೌಂಟರಿನಲ್ಲೂ ಗೋಡೌನಿನ ತೂಕದ ಕೋಣೆಯಲ್ಲೂ ವಿಂಡೋಸ್ 10. ಲೆಕ್ಕದ ಮೇಜಿನಲ್ಲಿ ಹೊಸದಾಗಿ ತಂದ ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿ. ಐದನೆಯದು ಸಾಹುಕಾರರ ಲ್ಯಾಪ್‌ಟಾಪ್, ವೈಫೈ. ಜೊತೆಗೆ ಕಾಪಿ, ಸ್ಕ್ಯಾನ್ ಎರಡೂ ಮಾಡುವ ಹಳೇ ಜೆರಾಕ್ಸ್ ಯಂತ್ರ ಒಂದು, 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದು. ಗೋಡೌನಿಗೆ ಸುಮಾರು 40 ಮೀಟರ್ ಲ್ಯಾನ್ ಕೇಬಲ್ ಹೊರಗಿನ ಗೋಡೆಯ ಮೇಲೆ ಹೋಗಿದೆ.

ಇಲ್ಲಿ ಫೋಲ್ಡರ್ ಹೆಸರು, ಕಮಾಂಡುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ. ಶೇರ್ ಮಾಡುವ ಫೋಲ್ಡರಿನ ಹೆಸರಂತೂ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇದ್ದರೆ ಒಳ್ಳೆಯದು. ಕನ್ನಡದ ಹೆಸರು ವಿಂಡೋಸಿಗೆ ಅರ್ಥವಾಗುತ್ತದೆ, ಆದರೆ ಜೆರಾಕ್ಸ್ ಯಂತ್ರದ ಪುಟ್ಟ ಪರದೆಯಲ್ಲಿ ಅದನ್ನು ಟೈಪ್ ಮಾಡುವ ದಾರಿಯೇ ಇರುವುದಿಲ್ಲ.

ಬೆಳಿಗ್ಗೆ ನಡೆದುಹೋದ ರಿಪೇರಿ

ಏನನ್ನೂ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ: ಇವತ್ತು ಯಾರು ಯಾವ ಸೆಟ್ಟಿಂಗ್ ಬದಲಿಸಿದರು? ಬೈಯುವುದಿಲ್ಲ ಎಂದು ಮೊದಲೇ ಹೇಳಿದರೆ ನಿಜವಾದ ಉತ್ತರ ಬರುತ್ತದೆ. ಇಲ್ಲಿ ಬಂದ ಉತ್ತರ ಹೀಗಿತ್ತು: ಸರ್ವರಿನಲ್ಲಿ ಫೈರ್‌ವಾಲ್ ಆಫ್ ಮಾಡಿದ್ದಾರೆ, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿದ್ದಾರೆ, ಇಡೀ ಡಿ ಡ್ರೈವನ್ನೇ ಎವ್ರಿಒನ್ ಹೆಸರಿಗೆ ಫುಲ್ ಕಂಟ್ರೋಲ್ ಕೊಟ್ಟು ಶೇರ್ ಮಾಡಿದ್ದಾರೆ, ಎಲ್ಲ ಕಂಪ್ಯೂಟರಿನಲ್ಲೂ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನು ಅಳಿಸಿದ್ದಾರೆ. ಗೋಡೌನಿನವರು ಸುಟ್ಟ ಸ್ವಿಚ್ಚಿನ ಜಾಗಕ್ಕೆ ಮನೆಯಲ್ಲಿದ್ದ ಹಳೇ ವೈಫೈ ರೂಟರ್ ತಂದು ಜೋಡಿಸಿದ್ದಾರೆ. ಇಷ್ಟಾದರೂ ಫೋಲ್ಡರ್ ತೆರೆದಿಲ್ಲ.

ಈ ಬದಲಾವಣೆಗಳನ್ನು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದೊಂದನ್ನೂ ಹಿಂದಕ್ಕೆ ತರಬೇಕಾದದ್ದು ಇದ್ದೇ ಇದೆ. ಆಮೇಲೆ ಟ್ಯಾಲಿ ಮುಚ್ಚಿಸಿ, ಮಂಡಿ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಒಮ್ಮೆ ಕಾಪಿ ಮಾಡಿದ್ದಾಯಿತು. ಪರ್ಮಿಷನ್ ಕೆಲಸಕ್ಕೆ ಕೈ ಹಾಕುವ ಮುನ್ನ ಈ ಇಪ್ಪತ್ತು ನಿಮಿಷ ಕೊಡಲೇಬೇಕು, ರೈತರು ಕಾಯುತ್ತಿದ್ದರೂ.

ವಿಳಾಸ

ಪ್ರತಿ ಕಂಪ್ಯೂಟರಿನಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಐಪಿ ವಿಳಾಸ, ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರಿನ ವಿಳಾಸ) ಎರಡನ್ನೂ ಬರೆದುಕೊಂಡರೆ ಅರ್ಧ ರೋಗ ಕಾಗದದ ಮೇಲೇ ಕಾಣುತ್ತದೆ. ಕೌಂಟರ್ 192.168.100.3. ಲೆಕ್ಕದ ಮೇಜು 192.168.100.4. ಗೋಡೌನ್ 192.168.0.101. ಸರ್ವರ್ ಹಳೆಯ 192.168.1.10ರಲ್ಲೇ ಕೂತಿದೆ, ಗೇಟ್‌ವೇ 192.168.1.1 ಎಂದು ತೋರಿಸುತ್ತಿದೆ. ಆ ಗೇಟ್‌ವೇ ನಿನ್ನೆ ಸಂಜೆಯೇ ಸುಟ್ಟುಹೋಗಿದೆ.

ಹೊಸ ರೂಟರ್ ತನ್ನ ಕಾರ್ಖಾನೆಯ ಲೆಕ್ಕದಲ್ಲಿ 192.168.100 ಸಾಲಿನ ವಿಳಾಸ ಹಂಚುತ್ತಿತ್ತು. ಡಿಎಚ್‌ಸಿಪಿಯಿಂದ, ಅಂದರೆ ರೂಟರ್ ತಾನೇ ವಿಳಾಸ ಹಂಚುವ ವ್ಯವಸ್ಥೆಯಿಂದ, ವಿಳಾಸ ಪಡೆಯುವ ಕಂಪ್ಯೂಟರುಗಳು ಅದನ್ನೇ ಹಿಡಿದವು, ಇಂಟರ್ನೆಟ್ ಬಂತು. ಕೈಯಾರೆ ವಿಳಾಸ ಕೊಟ್ಟಿದ್ದ ಸರ್ವರ್ ಮಾತ್ರ ಹಳೇ ಸಾಲಿನಲ್ಲೇ ಉಳಿಯಿತು. ಅಂದರೆ ಸರ್ವರಿನಲ್ಲಿ ಇಂಟರ್ನೆಟ್ ಕೂಡ ಇರಲಿಲ್ಲ. ಅಲ್ಲಿ ಕೂತು ಯಾರೂ ಬ್ರೌಸರ್ ತೆರೆಯುವುದಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ. "ಎಲ್ಲಾ ಕಡೆ ನೆಟ್ ಬರ್ತಿದೆ" ಎಂಬ ಮಾತನ್ನು ಸರ್ವರಿನ ಮುಂದೆ ನಿಂತು ಪರೀಕ್ಷೆ ಮಾಡುವ ತನಕ ನಂಬಬಾರದು.

ಇಲ್ಲಿ ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಹೆಸರು ಹಾಕಿ ಪಿಂಗ್ ಮಾಡಿದಾಗ ಕೆಲವೊಮ್ಮೆ ಎಫ್‌ಇ80 ಎಂದು ಶುರುವಾಗುವ ಐಪಿವಿ6 ವಿಳಾಸ ಕಾಣುತ್ತದೆ. ಒಂದೇ ಸ್ವಿಚ್ಚಿಗೆ ಸೇರಿದ ಕಂಪ್ಯೂಟರುಗಳು ರೂಟರಿನ ಹಂಗಿಲ್ಲದೆ ಆ ವಿಳಾಸವನ್ನು ತಾವೇ ಮಾಡಿಕೊಳ್ಳುತ್ತವೆ. ಅದನ್ನು ನೋಡಿ "ಹೆಸರು ಸಿಗ್ತಿದೆಯಲ್ಲ, ನೆಟ್‌ವರ್ಕ್ ಸರಿಯಿದೆ" ಎಂದು ಮುಂದೆ ಹೋದರೆ ಇಡೀ ಮಧ್ಯಾಹ್ನ ಹಾಳು. ಪಿಂಗ್ ಕಮಾಂಡಿನ ಜೊತೆ -4 ಸೇರಿಸಿದರೆ ಐಪಿವಿ4 ಸ್ಥಿತಿ ಮಾತ್ರ ಗೊತ್ತಾಗುತ್ತದೆ.

ಸರಿಪಡಿಸಲು ಎರಡು ದಾರಿ. ಸರ್ವರಿಗೆ ಹೊಸ ಸಾಲಿನ ವಿಳಾಸ ಕೊಡುವುದು, ಇಲ್ಲವೇ ರೂಟರನ್ನು ಹಳೇ ಸಾಲಿಗೆ ಎಳೆಯುವುದು. ಮೊದಲನೆಯದು ಸುಲಭವೆಂದು ಕಾಣುತ್ತದೆ, ಆದರೆ ಝಡ್ ಡ್ರೈವಿನ ಮ್ಯಾಪಿಂಗ್, ಟ್ಯಾಲಿಯ ಡೇಟಾ ಪಾತ್, ಜೆರಾಕ್ಸ್ ಯಂತ್ರದ ಅಡ್ರೆಸ್ ಬುಕ್ ಎಲ್ಲದರಲ್ಲೂ 192.168.1.10 ಕೂತಿರುತ್ತದೆ. ರೂಟರನ್ನು ಬದಲಿಸುವುದೇ ಮೇಲು. ಅದರ ಪುಟ ತೆರೆದು ಲ್ಯಾನ್ ವಿಳಾಸವನ್ನು 192.168.1.1 ಮಾಡಿ, ಡಿಎಚ್‌ಸಿಪಿ ಹಂಚುವ ವಿಳಾಸಗಳನ್ನು 192.168.1.100ರಿಂದ 199ರ ತನಕ ಇಟ್ಟದ್ದಾಯಿತು. ಸರ್ವರಿನ 10 ಈ ಮಿತಿಯ ಹೊರಗಿರುವುದು ಮುಖ್ಯ. ಒಳಗಿದ್ದರೆ ಎಂದಾದರೊಂದು ದಿನ ಯಾರದೋ ಮೊಬೈಲಿಗೆ ಅದೇ ವಿಳಾಸ ಹೋಗಿ ಇಬ್ಬರಿಗೂ ಜಗಳ. ರೂಟರ್ ಮತ್ತೆ ಶುರುವಾದ ಮೇಲೆ ಉಳಿದ ಕಂಪ್ಯೂಟರುಗಳಲ್ಲಿ ‘ಐಪಿಕಾನ್ಫಿಗ್ /ರಿಲೀಸ್’, ಆಮೇಲೆ ‘/ರಿನ್ಯೂ’ ಕೊಟ್ಟರೆ ಹೊಸ ವಿಳಾಸ ಬರುತ್ತದೆ. ಕೇಬಲ್ ಕಿತ್ತು ಹಾಕಿದರೂ ಆಗುತ್ತದೆ.

ಸಾಹುಕಾರರ ಲ್ಯಾಪ್‌ಟಾಪಿನದು ಒಂದು ನಿಮಿಷದ ಕೆಲಸ. ಹೊಸ ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿತ್ತು. ಗೆಸ್ಟ್ ವೈಫೈ ಇರುವುದೇ ಒಳಗಿನ ಕಂಪ್ಯೂಟರುಗಳು ಕಾಣದಂತೆ ಇಂಟರ್ನೆಟ್ ಮಾತ್ರ ಕೊಡಲು. ಕಾಯುವ ರೈತರಿಗೆ, ವ್ಯಾಪಾರಿಗಳಿಗೆ ಅದನ್ನು ಬಿಟ್ಟುಕೊಟ್ಟು ಲ್ಯಾಪ್‌ಟಾಪನ್ನು ಕಚೇರಿಯ ವೈಫೈಗೆ ಸೇರಿಸಿದರೆ ಮುಗಿಯಿತು.

ಪಬ್ಲಿಕ್, ಪ್ರೈವೇಟ್

ವಿಳಾಸ ಸರಿಯಾಯಿತು, ರನ್ ಪೆಟ್ಟಿಗೆಯಲ್ಲಿ \\192.168.1.10 ಎಂದು ಹೊಡೆದರೆ ಈಗಲೂ 80070035, ನೆಟ್‌ವರ್ಕ್ ಪಾತ್ ಸಿಗಲಿಲ್ಲ ಎಂಬ ಎರರ್. ಫೈರ್‌ವಾಲ್ ಬೇರೆ ಆಫ್ ಆಗಿದೆಯಲ್ಲ!

ವಿಂಡೋಸ್ ಸೆಕ್ಯುರಿಟಿಯ ಫೈರ್‌ವಾಲ್ ಪುಟದಲ್ಲಿ ಮೂರು ಸಾಲು ಇರುತ್ತವೆ: ಡೊಮೇನ್, ಪ್ರೈವೇಟ್, ಪಬ್ಲಿಕ್. ಯಾವುದು ಸದ್ಯ ಜಾರಿಯಲ್ಲಿದೆಯೋ ಅದರ ಪಕ್ಕ ‘ಆಕ್ಟಿವ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಆಫ್ ಮಾಡಿದ್ದು ಪ್ರೈವೇಟ್ ಸಾಲನ್ನು. ‘ಆಕ್ಟಿವ್’ ಇದ್ದದ್ದು ಪಬ್ಲಿಕ್ ಪಕ್ಕ. ಮುಂಬಾಗಿಲಿಗೆ ಬೀಗ ಇದ್ದ ಹಾಗೇ ಇದೆ, ತೆಗೆದಿಟ್ಟದ್ದು ಹಿತ್ತಿಲ ಬಾಗಿಲು.

ವಿಂಡೋಸ್ ಒಂದು ನೆಟ್‌ವರ್ಕನ್ನು ಗುರುತು ಹಿಡಿಯುವುದು ಮುಖ್ಯವಾಗಿ ಗೇಟ್‌ವೇಯ ಮ್ಯಾಕ್ ಅಡ್ರೆಸ್ (ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ನೋಡಿ. ರೂಟರಿನ ಐಪಿ ಹಳೆಯದೇ ಆದರೂ ಯಂತ್ರ ಹೊಸದು, ಮ್ಯಾಕ್ ಹೊಸದು. ಹಾಗಾಗಿ ‘ನೆಟ್‌ವರ್ಕ್ 2’ ಎಂದು ಹೊಸ ಹೆಸರಿಟ್ಟು, ಬಸ್‌ಸ್ಟ್ಯಾಂಡಿನ ವೈಫೈ ಇದ್ದಂತೆ ಪಬ್ಲಿಕ್ ಎಂದು ಬಗೆಯುತ್ತದೆ. ಪಬ್ಲಿಕ್ ಆದರೆ ಫೈಲ್ ಶೇರಿಂಗ್ ಬಾಗಿಲಾದ 445ನೇ ಟಿಸಿಪಿ ಪೋರ್ಟನ್ನು ಮುಚ್ಚುತ್ತದೆ. ಗೇಟ್‌ವೇ ಸಿಗದೆ ಇದ್ದಾಗಲೂ ‘ಅನ್‌ಐಡೆಂಟಿಫೈಡ್’ ಎಂದು ಹೇಳಿ ಪಬ್ಲಿಕ್ ಮಾಡುತ್ತದೆ. ರೂಟರ್ ಬದಲಾದ ಮರುದಿನ ಶೇರಿಂಗ್ ನಿಂತಿತೆಂದರೆ ಮೊದಲು ನೋಡಬೇಕಾದ ಜಾಗ ಇದೇ. ಮಲೆನಾಡಿನಲ್ಲಿ ಸಿಡಿಲಿಗೆ ರೂಟರ್ ಹೋಗುವುದು ಹೊಸದಲ್ಲ, ಆದ್ದರಿಂದ ಈ ದೂರೂ ಹೊಸದಲ್ಲ.

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್, ಅಲ್ಲಿರುವ ನೆಟ್‌ವರ್ಕಿನ ಮೇಲೆ ಒತ್ತಿದರೆ ಪಬ್ಲಿಕ್, ಪ್ರೈವೇಟ್ ಎರಡು ಆಯ್ಕೆ ಕಾಣುತ್ತವೆ. ವಿಂಡೋಸ್ 11ರಲ್ಲೂ ಹೆಚ್ಚುಕಮ್ಮಿ ಅದೇ ದಾರಿ. ಪ್ರೈವೇಟ್ ಮಾಡಿ, ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸಿನಲ್ಲಿ ಪ್ರೈವೇಟ್ ಭಾಗದ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್ ಇದೆಯೇ ನೋಡಿ, ಆಫ್ ಆಗಿದ್ದ ಫೈರ್‌ವಾಲನ್ನು ಮತ್ತೆ ಆನ್ ಮಾಡಿದ ಮೇಲೆಯೇ ಪರೀಕ್ಷೆ. ಪವರ್‌ಶೆಲ್ಲಿನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್ 192.168.1.10 -ಪೋರ್ಟ್ 445’ ಕೊಟ್ಟರೆ ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಟ್ರೂ ಬಂದರೆ ವೈರು, ವಿಳಾಸ, ಫೈರ್‌ವಾಲ್ ಮೂರೂ ಪಾಸು, ಇನ್ನು ಉಳಿದದ್ದು ಲಾಗಿನ್ ಮತ್ತು ಅನುಮತಿ. ಪಿಂಗ್ ಉತ್ತರಕ್ಕಿಂತ ಈ ಒಂದು ಸಾಲು ಹೆಚ್ಚು ನಂಬಿಕಸ್ಥ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಅದರೊಳಗೂ ಇನ್ನೊಂದು ಫೈರ್‌ವಾಲ್ ಇರಬಹುದು, ಅದಕ್ಕೂ ಹೊಸ ನೆಟ್‌ವರ್ಕ್ ನಮ್ಮದೇ ಎಂದು ತಿಳಿಸಬೇಕು.

ಎಕ್ಸ್‌ಪ್ಲೋರರಿನ ‘ನೆಟ್‌ವರ್ಕ್’ ಕಿಟಕಿಯಲ್ಲಿ ಕಂಪ್ಯೂಟರುಗಳ ಚಿತ್ರ ಕಾಣುತ್ತಿಲ್ಲ ಎಂಬುದರ ಹಿಂದೆ ಬಿದ್ದು ದಿನಗಟ್ಟಲೆ ಕಳೆಯುವವರಿದ್ದಾರೆ. ಚಿತ್ರ ತೋರಿಸುವುದು ಬೇರೆಯೇ ಸೇವೆ. ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್’ ನಿಂತಿದ್ದರೆ ಚಿತ್ರ ಕಾಣದು, ಫೋಲ್ಡರ್ ಮಾತ್ರ ಸಲೀಸಾಗಿ ತೆರೆಯುತ್ತದೆ. ವಿಳಾಸ ಹೊಡೆದು ಒಳಗೆ ಹೋಗುವುದಾದರೆ ಚಿತ್ರದ ಗೊಡವೆ ಬೇಡ.

ಗೋಡೌನಿನ ಎರಡನೇ ರೂಟರ್

ಗೋಡೌನಿನ ಕಂಪ್ಯೂಟರ್ ಇನ್ನೂ 192.168.0.101ರಲ್ಲೇ ಇದೆ. ಮನೆಯಿಂದ ತಂದ ವೈಫೈ ರೂಟರಿನ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಕಿಂಡಿ) ಕಚೇರಿಯಿಂದ ಬಂದ ಕೇಬಲ್ ಚುಚ್ಚಿದ್ದಾರೆ. ಇದರಿಂದ ಗೋಡೌನ್ ಬೇರೆಯೇ ಮನೆಯಾಗಿ, ನಡುವೆ ಒಂದು ಗೋಡೆ ಎದ್ದಂತಾಯಿತು.

ಗೋಡೆಯ ನಡವಳಿಕೆ ವಿಚಿತ್ರ. ಗೋಡೌನಿನಿಂದ ಹೊರಟ ಮನವಿ ಎರಡನೇ ರೂಟರಿನಲ್ಲಿ ವೇಷ ಬದಲಿಸಿ 192.168.1 ಸಾಲಿನ ವಿಳಾಸದೊಂದಿಗೆ ಸರ್ವರ್ ತಲುಪುತ್ತದೆ. ಸರ್ವರಿನ ಫೈರ್‌ವಾಲ್ ತನ್ನದೇ ಸಾಲಿನವರೆಂದು ಒಳಗೆ ಬಿಡುತ್ತದೆ. ಆದ್ದರಿಂದ \\192.168.1.10 ತೆರೆಯುತ್ತದೆ. ಆದರೆ \\ಸರ್ವರ್ ಎಂದು ಹೆಸರು ಹೊಡೆದರೆ ತೆರೆಯದು, ಹೆಸರು ಕೂಗುವ ದನಿ ರೂಟರ್ ದಾಟುವುದಿಲ್ಲ. ಅತ್ತ ಕೌಂಟರಿನಿಂದ ಗೋಡೌನಿನ ಕಂಪ್ಯೂಟರಿಗೆ, ಅಲ್ಲಿನ ಪ್ರಿಂಟರಿಗೆ ಹೋಗುವ ದಾರಿ ಪೂರ್ತಿ ಬಂದ್. "ಅವರಿಗೆ ನಮ್ಮದು ಕಾಣುತ್ತೆ, ನಮಗೆ ಅವರದು ಕಾಣಲ್ಲ" ಎಂಬ ದೂರು ಬಂದರೆ ನಡುವೆ ಎರಡನೇ ರೂಟರ್ ಇದೆಯೇ ಎಂದು ಮೊದಲು ನೋಡಬೇಕು.

ಹೊಸ ಸ್ವಿಚ್ ಬರುವ ತನಕ ಅದೇ ರೂಟರನ್ನು ಸ್ವಿಚ್ಚಿನಂತೆ ದುಡಿಸಬಹುದು. ಅದರ ಲ್ಯಾನ್ ವಿಳಾಸ 192.168.1.2 ಮಾಡಬೇಕು, ಡಿಎಚ್‌ಸಿಪಿ ಆಫ್ ಮಾಡಬೇಕು, ಕೇಬಲನ್ನು ವ್ಯಾನ್ ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಬೇಕು. ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನ್ ಪೋರ್ಟಿಗೆ ಹಾಕಿದರೆ ಗೋಡೌನಿನ ಕಾಯಿಲೆ ಇಡೀ ಕಚೇರಿಗೆ ಹಬ್ಬುತ್ತದೆ. ಎರಡು ಕಡೆಯಿಂದ ವಿಳಾಸ ಹಂಚಿಕೆಯಾಗಿ, ಒಂದು ಕಂಪ್ಯೂಟರಿಗೆ ಇವತ್ತು ಇಂಟರ್ನೆಟ್ ಇದ್ದರೆ ನಾಳೆ ಇರದು.

ಇಷ್ಟಾದ ಮೇಲೂ ಗೋಡೌನಿನಲ್ಲಿ ಟ್ಯಾಲಿ ನಡುನಡುವೆ ನಿಂತುಬಿಡುತ್ತಿತ್ತು. ಲ್ಯಾಪ್‌ಟಾಪನ್ನು ನೇರ ಕೇಬಲಿಗೆ ಚುಚ್ಚಿ ನೋಡಿದಾಗ ಲಿಂಕ್ ಸ್ಪೀಡ್ 100 ಎಂಬಿಪಿಎಸ್. ಆಚೆ ತುದಿಯ ಸ್ವಿಚ್ ಗಿಗಾಬಿಟ್ಟಿನದು, ಲ್ಯಾಪ್‌ಟಾಪೂ ಗಿಗಾಬಿಟ್ಟಿನದು, ಹಾಗಾದರೆ 1000 ಇರಬೇಕಿತ್ತು. 100ಕ್ಕೆ ಕೇಬಲಿನ ಎರಡು ಜೋಡಿ ತಂತಿ ಸಾಕು, 1000ಕ್ಕೆ ನಾಲ್ಕೂ ಜೋಡಿ ಬೇಕು. ಅಂದರೆ ಎಲ್ಲೋ ಒಂದು ತಂತಿ ಕೈಕೊಟ್ಟಿದೆ. ಗೋಡೌನ್ ತುದಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಹಿತ್ತಾಳೆ ಬಣ್ಣದ ಎಂಟು ಪಿನ್ನುಗಳಲ್ಲಿ ಕೊನೆಯ ಎರಡರ ಮೇಲೆ ಹಸಿರು ಕಿಲುಬು. ನಾಲ್ಕು ತಿಂಗಳು ಮಳೆ ಹಿಡಿಯುವ ಊರಿನಲ್ಲಿ ಪ್ಲಗ್ಗನ್ನು ಗೋಡೆಗೆ ಒರಗಿಸಿ ಬಿಟ್ಟರೆ ಆಗುವುದೇ ಹೀಗೆ.

ತುದಿಯಿಂದ ಒಂದು ಗೇಣು ಕತ್ತರಿಸಿ, ಒಳಗೆ ತಾಮ್ರ ಹೊಳೆಯುವ ಜಾಗ ಸಿಕ್ಕ ಮೇಲೆ ಹೊಸ ಪ್ಲಗ್ ಕ್ರಿಂಪ್ ಮಾಡಬೇಕು. ಪ್ಲಗ್ಗಿನ ಕೊಕ್ಕೆ ಕೆಳಗಿರುವಂತೆ ಹಿಡಿದರೆ ಎಡದಿಂದ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಗಳ ಹುರಿಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಹೊರಗಿನ ಸಿಪ್ಪೆಯೂ ಪ್ಲಗ್ಗಿನೊಳಗೆ ಸೇರಿ ಅಮುಕಿಕೊಳ್ಳಬೇಕು, ಇಲ್ಲದಿದ್ದರೆ ಎಳೆತವೆಲ್ಲ ತಂತಿಯ ಮೇಲೆ ಬೀಳುತ್ತದೆ. ಇದಾದ ಮೇಲೆ ಲಿಂಕ್ 1000 ತೋರಿಸಿತು, ಟ್ಯಾಲಿ ನಿಲ್ಲುವುದು ತಪ್ಪಿತು.

ದೂರದ ವಿಷಯಕ್ಕೆ 40 ಮೀಟರ್ ಏನೂ ಅಲ್ಲ, ತಾಮ್ರದ ಕೇಬಲ್ 100 ಮೀಟರ್ ತನಕ ಎಳೆಯುತ್ತದೆ. ತೊಂದರೆ ಇರುವುದು ಅದು ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹೋಗಿರುವುದರಲ್ಲಿ. ಸಿಡಿಲು ಹತ್ತಿರ ಬಿದ್ದರೂ ಸಾಕು, ಆ ತಾಮ್ರದಲ್ಲಿ ಹೊಡೆತ ಹುಟ್ಟಿ ಎರಡೂ ತುದಿಯ ಯಂತ್ರಗಳನ್ನು ಸುಡುತ್ತದೆ. ಹೊಸದಾಗಿ ಎಳೆಯುವುದಾದರೆ ಕಟ್ಟಡದಿಂದ ಕಟ್ಟಡಕ್ಕೆ ಲೋಹದ ತಂತಿ ಇಲ್ಲದ ಫೈಬರ್, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಹೊಂದಿಸುವ ಪೆಟ್ಟಿಗೆ). ಗಾಜಿನೆಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ಲೆಕ್ಕದ ಮೇಜು: ಹೊಸ ಕಂಪ್ಯೂಟರಿಗೇಕೆ ಕಾಟ

ಈಗ ಕೌಂಟರಿನಲ್ಲಿ ಫೋಲ್ಡರ್ ತೆರೆಯಿತು, ಪಟ್ಟಿ ಪ್ರಿಂಟ್ ಶುರುವಾಯಿತು. ಲೆಕ್ಕದ ಮೇಜಿನಲ್ಲಿ ಮಾತ್ರ ಹೊಸ ಸಂದೇಶ: ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗುರುತಿಲ್ಲದ ಗೆಸ್ಟ್ ಪ್ರವೇಶವನ್ನು ತಡೆದಿದೆ, ಎಂಬರ್ಥದ್ದು. "ಹೊಸ ಕಂಪ್ಯೂಟರೇ ಸರಿ ಇಲ್ಲ, ವಾಪಸ್ ಕೊಡೋಣ" ಎಂಬ ಮಾತು ಹುಟ್ಟುವುದು ಇಲ್ಲೇ.

ಕಂಪ್ಯೂಟರ್ ಸರಿಯಾಗೇ ಇತ್ತು. ಬೆಳಿಗ್ಗೆ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ, ಉಳಿಸಿದ್ದ ಪಾಸ್‌ವರ್ಡ್ ಅಳಿಸಿದ್ದರಿಂದ ಎಲ್ಲರೂ ಸರ್ವರಿಗೆ ಗೆಸ್ಟ್ ಆಗಿ ಹೋಗುತ್ತಿದ್ದರು. ವಿಂಡೋಸ್ 10 ಪ್ರೊ ಗೆಸ್ಟ್ ದಾರಿಯನ್ನು ಒಪ್ಪುತ್ತದೆ. ವಿಂಡೋಸ್ 11 ಪ್ರೊ 24ಎಚ್2 ಒಪ್ಪುವುದಿಲ್ಲ. ಜೊತೆಗೆ ಪ್ರತಿ ಸಂಪರ್ಕಕ್ಕೂ ಎಸ್‌ಎಂಬಿ (ವಿಂಡೋಸ್ ಫೈಲ್ ಹಂಚಲು ಬಳಸುವ ಭಾಷೆ) ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಗುರುತಿನ ಸಹಿ, ಬೇಕೇ ಬೇಕು ಎನ್ನುತ್ತದೆ, ಪಾಸ್‌ವರ್ಡ್ ಇಲ್ಲದ ಗೆಸ್ಟಿಗೆ ಸೈನ್ ಮಾಡಲು ಬರುವುದೇ ಇಲ್ಲ. ಆದ್ದರಿಂದ ವಿಡಿಯೋಗಳು ಹೇಳುವಂತೆ ಗ್ರೂಪ್ ಪಾಲಿಸಿಯಲ್ಲಿ ‘ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್’ ಎನೇಬಲ್ ಮಾಡಿದರೂ ಕೆಲಸವಾಗದು, ಸೈನಿಂಗನ್ನೂ ಆಫ್ ಮಾಡು ಎಂಬ ಇನ್ನೊಂದು ವಿಡಿಯೋ ಸಿಗುತ್ತದೆ. ಎರಡು ಬೀಗ ಮುರಿದು ಒಳಗೆ ಹೋಗುವುದಕ್ಕಿಂತ ಕೀಲಿಕೈ ಮಾಡಿಸುವುದು ಸಲೀಸು.

ಸರ್ವರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸಿನಲ್ಲಿ ಕೌಂಟರ್, ಲೆಕ್ಕ, ಗೋಡೌನ್, ಧಣಿ ಎಂದು ನಾಲ್ಕು ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟದ್ದಾಯಿತು. ಖಾಲಿ ಪಾಸ್‌ವರ್ಡ್ ನಡೆಯದು, ಖಾಲಿ ಪಾಸ್‌ವರ್ಡಿನ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ಯೂಸರ್ ಮಾಡುವಾಗ ‘ಮುಂದಿನ ಲಾಗಿನ್ನಿನಲ್ಲಿ ಪಾಸ್‌ವರ್ಡ್ ಬದಲಿಸಬೇಕು’ ಎಂಬ ಗುರುತನ್ನು ತೆಗೆಯಬೇಕು, ‘ಪಾಸ್‌ವರ್ಡಿಗೆ ಅವಧಿ ಇಲ್ಲ’ ಎಂಬುದಕ್ಕೆ ಗುರುತು ಹಾಕಬೇಕು. ಎರಡನೆಯದನ್ನು ಮರೆತರೆ ವಿಂಡೋಸಿನ ಮೂಲ ನಿಯಮದಂತೆ 42 ದಿನಕ್ಕೆ ಪಾಸ್‌ವರ್ಡಿನ ಅವಧಿ ಮುಗಿದು ಒಂದು ಬೆಳಿಗ್ಗೆ ನಾಲ್ವರಿಗೂ ಒಟ್ಟಿಗೆ ಬಾಗಿಲು ಬಂದ್. ಒಂದೂವರೆ ತಿಂಗಳ ಹಿಂದೆ ಮಾಡಿದ ಸೆಟ್ಟಿಂಗ್ ಆಗ ಯಾರ ನೆನಪಿನಲ್ಲೂ ಇರುವುದಿಲ್ಲ.

ಆಮೇಲೆ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್. ಪ್ರತಿ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಭಾಗದಲ್ಲಿ, ವಿಳಾಸ 192.168.1.10, ಯೂಸರ್ ‘ಸರ್ವರ್\ಲೆಕ್ಕ’ ಎಂಬಂತೆ, ಜೊತೆಗೆ ಪಾಸ್‌ವರ್ಡ್. ವಿಳಾಸಕ್ಕೆ ಉಳಿಸಿದ್ದು ಹೆಸರಿಗೆ ಅನ್ವಯಿಸುವುದಿಲ್ಲ. ಒಮ್ಮೆ \\ಸರ್ವರ್, ಒಮ್ಮೆ \\192.168.1.10 ಎಂದು ಹೊಡೆಯುವ ಅಭ್ಯಾಸವಿದ್ದರೆ ಎರಡಕ್ಕೂ ಬೇರೆ ಬೇರೆ ಉಳಿಸಬೇಕು. ಒಂದನ್ನೇ ಹಿಡಿದುಕೊಳ್ಳುವುದು ಮೇಲು.

ಲೆಕ್ಕದ ಮೇಜಿನಲ್ಲಿ ಇಷ್ಟಕ್ಕೇ ಆಯಿತು. ಕೌಂಟರಿನಲ್ಲಿ 1219 ಎಂಬ ಎರರ್ ಬಂತು. ಒಂದೇ ಸರ್ವರಿಗೆ ಒಂದೇ ಹೆಸರಿನ ವಿಳಾಸದಲ್ಲಿ ಇಬ್ಬರು ಯೂಸರುಗಳಾಗಿ ಹೋಗಲು ವಿಂಡೋಸ್ ಬಿಡದು, ಬೆಳಗಿನ ಗೆಸ್ಟ್ ಸಂಪರ್ಕ ಇನ್ನೂ ಜೀವಂತವಿತ್ತು. ‘ನೆಟ್ ಯೂಸ್ * /ಡಿಲೀಟ್’ ಕೊಟ್ಟು, ಸೈನ್ ಔಟ್ ಆಗಿ ಮತ್ತೆ ಬಂದಾಗ ಸರಿಹೋಯಿತು. ಸಾಹುಕಾರರ ಲ್ಯಾಪ್‌ಟಾಪಿನದು 1326, ಯೂಸರ್ ಅಥವಾ ಪಾಸ್‌ವರ್ಡ್ ತಪ್ಪು. ಅವರು ಲ್ಯಾಪ್‌ಟಾಪ್ ತೆರೆಯುವ ನಾಲ್ಕಂಕಿಯ ಪಿನ್ನನ್ನೇ ಅಲ್ಲೂ ಹೊಡೆಯುತ್ತಿದ್ದರು. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ, ನೆಟ್‌ವರ್ಕಿಗೆ ಅದು ಗೊತ್ತೇ ಇಲ್ಲ.

ಅನುಮತಿ

ಡಿ ಡ್ರೈವ್ ಪೂರ್ತಿ ಶೇರ್ ಆದದ್ದನ್ನು ಮೊದಲು ತೆಗೆಯಬೇಕು. ಎವ್ರಿಒನ್ ಎಂಬುದರೊಳಗೆ ಗೆಸ್ಟ್ ಕೂಡ ಸೇರಿದ್ದಾನೆ. ಕಚೇರಿಯ ವೈಫೈ ಪಾಸ್‌ವರ್ಡ್ ಗೊತ್ತಿದ್ದ ಯಾರೇ ಆಗಲಿ ಮೊಬೈಲಿನ ಫೈಲ್ ಮ್ಯಾನೇಜರಿನಿಂದ ವರ್ಷದ ಪಟ್ಟಿಗಳನ್ನೆಲ್ಲ ಅಳಿಸಬಹುದಾದ ಸ್ಥಿತಿಯಲ್ಲಿ ಆ ಸರ್ವರ್ ಎರಡು ಗಂಟೆ ಇತ್ತು.

ವಿಂಡೋಸಿನಲ್ಲಿ ಅನುಮತಿಗೆ ಎರಡು ಗೇಟು. ಶೇರಿಂಗ್ ಟ್ಯಾಬಿನದು ನೆಟ್‌ವರ್ಕಿನಿಂದ ಬರುವವರಿಗೆ, ಸೆಕ್ಯುರಿಟಿ ಟ್ಯಾಬಿನದು ಎಲ್ಲರಿಗೂ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗಿನಲ್ಲಿ ಫುಲ್ ಕಂಟ್ರೋಲ್ ಇದ್ದು ಸೆಕ್ಯುರಿಟಿಯಲ್ಲಿ ರೀಡ್ ಮಾತ್ರ ಇದ್ದರೆ ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಎರಡು ಕಡೆ ಬೇರೆ ಬೇರೆ ಲೆಕ್ಕ ಇಟ್ಟುಕೊಂಡರೆ ತಲೆ ಕೆಡುತ್ತದೆ. ಶೇರಿಂಗಿನಲ್ಲಿ ಆಥೆಂಟಿಕೇಟೆಡ್ ಯೂಸರ್ಸಿಗೆ ಚೇಂಜ್ ಕೊಟ್ಟು, ಯಾರಿಗೆ ಯಾವ ಒಳಫೋಲ್ಡರ್ ಎಂಬುದನ್ನು ಪೂರ್ತಿ ಸೆಕ್ಯುರಿಟಿ ಟ್ಯಾಬಿನಲ್ಲೇ ನೋಡಿಕೊಂಡದ್ದಾಯಿತು. ಟ್ಯಾಲಿಗೆ ಲೆಕ್ಕ, ಕೌಂಟರ್, ಗೋಡೌನ್ ಮೂವರಿಗೂ ಮಾಡಿಫೈ. ಪಟ್ಟಿಗೆ ಕೌಂಟರ್, ಲೆಕ್ಕ ಇಬ್ಬರಿಗೆ. ತೂಕದ ಫೋಲ್ಡರಿನಲ್ಲಿ ಗೋಡೌನ್ ಬರೆಯಬಹುದು, ಉಳಿದವರು ಓದಬಹುದು. ಧಣಿಗೆ ಎಲ್ಲದಕ್ಕೂ ರೀಡ್. ಸಾಹುಕಾರರಿಗೆ ಬರೀ ರೀಡ್ ಏಕೆ ಎಂದು ಕೇಳುವವರಿರುತ್ತಾರೆ. ಊರೂರು ಸುತ್ತುವ ಲ್ಯಾಪ್‌ಟಾಪಿಗೆ ವೈರಸ್ ಹತ್ತಿದರೆ ಅದು ಅಳಿಸುವುದು ಅವರಿಗಿರುವ ಅನುಮತಿಯಷ್ಟನ್ನೇ.

ಎಲ್ಲ ಮುಗಿಯಿತು ಎನ್ನುವಾಗ ಬೆಟ್ಟೆಯ ಒಂದೇ ಒಂದು ಎಕ್ಸೆಲ್ ಫೈಲ್ ಲೆಕ್ಕದ ಮೇಜಿನಲ್ಲಿ ತೆರೆಯಲಿಲ್ಲ. ಅದೇ ಫೋಲ್ಡರಿನ ಉಳಿದ ಫೈಲುಗಳು ಸರಿ. ಆ ಫೈಲನ್ನು ರೈಟರ್ ಸರ್ವರಿನ ಮುಂದೆ ಕೂತು ಡಿ ಡ್ರೈವಿನ ತಮ್ಮ ಖಾಸಗಿ ಫೋಲ್ಡರಿನಿಂದ ಕಟ್ ಮಾಡಿ ಇಲ್ಲಿ ಪೇಸ್ಟ್ ಮಾಡಿದ್ದರು. ಒಂದೇ ಡ್ರೈವಿನೊಳಗೆ ಕಟ್-ಪೇಸ್ಟ್ ಮಾಡಿದ ಫೈಲ್ ಹಳೇ ಮನೆಯ ಅನುಮತಿಯನ್ನು ಜೊತೆಗೇ ಹೊತ್ತು ತರುತ್ತದೆ, ಕಾಪಿ-ಪೇಸ್ಟ್ ಮಾಡಿದ್ದು ಹೊಸ ಮನೆಯ ಅನುಮತಿ ಪಡೆಯುತ್ತದೆ. ಒಂದೆರಡು ಫೈಲಾದರೆ ಸೆಕ್ಯುರಿಟಿ, ಅಡ್ವಾನ್ಸ್ಡ್ ಒತ್ತಿ ಹಳೇ ಸಾಲುಗಳನ್ನು ತೆಗೆದು ಇನ್‌ಹೆರಿಟೆನ್ಸ್ ಎನೇಬಲ್ ಮಾಡಿದರೆ ಸಾಕು. ಬಹಳ ಇದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಕ್ಯಾಕಲ್ಸ್ ಡಿ:\ಮಂಡಿ\ಪಟ್ಟಿ\* /ರೀಸೆಟ್ /ಟಿ /ಸಿ’. ಆ ನಕ್ಷತ್ರ ಚಿಹ್ನೆ ಮರೆತು ‘ಪಟ್ಟಿ’ಯ ಮೇಲೇ ಓಡಿಸಿದರೆ ಅದಕ್ಕೆ ಕೊಟ್ಟ ವಿಶೇಷ ಅನುಮತಿಯೂ ಅಳಿಸಿಹೋಗುತ್ತದೆ.

ಗೋಡೌನಿನಲ್ಲಿ ಝಡ್ ಡ್ರೈವ್ ಎಕ್ಸ್‌ಪ್ಲೋರರಿಗೆ ಕಾಣುತ್ತದೆ, ಟ್ಯಾಲಿಗೆ ಕಾಣುವುದಿಲ್ಲ ಎಂಬ ಕೊನೆಯ ದೂರು. ಅಲ್ಲಿ ಟ್ಯಾಲಿಯನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿ ತೆರೆಯುವ ರೂಢಿ. ಸಾಮಾನ್ಯ ಲಾಗಿನ್ನಿನಲ್ಲಿ ಮ್ಯಾಪ್ ಮಾಡಿದ ಡ್ರೈವ್ ಅಡ್ಮಿನ್ ಆಗಿ ತೆರೆದ ಪ್ರೋಗ್ರಾಮಿಗೆ ಕಾಣದು. ಅಡ್ಮಿನ್ ಗುರುತು ತೆಗೆದು, ಡೇಟಾ ಪಾತನ್ನು ಝಡ್ ಬದಲು \\192.168.1.10\ಮಂಡಿ\ಟ್ಯಾಲಿ ಎಂದೇ ಕೊಟ್ಟದ್ದರಿಂದ ಆ ತಕರಾರು ಮುಗಿಯಿತು.

ಜೆರಾಕ್ಸ್ ಯಂತ್ರ, ಯುಪಿಎಸ್

ಜೆರಾಕ್ಸ್ ಯಂತ್ರದ ಸ್ಕ್ಯಾನ್ ಮಾತ್ರ ಫೋಲ್ಡರಿಗೆ ಬರಲಿಲ್ಲ. ಅದಕ್ಕೆ ಗೊತ್ತಿರುವುದು ಎಸ್‌ಎಂಬಿಯ ತೀರಾ ಹಳೇ ಆವೃತ್ತಿಯಾದ ಎಸ್‌ಎಂಬಿ 1 ಒಂದೇ. ಹಳೇ ಕಾಲದಲ್ಲಿ ಯಾರೋ ಸರ್ವರಿನಲ್ಲಿ ಅದನ್ನು ಆನ್ ಮಾಡಿಟ್ಟಿದ್ದರು, ಈ ಸಲ ಆಫ್ ಮಾಡಲಾಯಿತು. 2017ರ ಮೇ ತಿಂಗಳಲ್ಲಿ ಫೈಲುಗಳನ್ನು ಒತ್ತೆ ಇಟ್ಟು ಹಣ ಕೇಳುವ ವನ್ನಾಕ್ರೈ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಆ ಬಾಗಿಲಿನ ದೋಷದಿಂದಲೇ, ಅದೇ ವರ್ಷದಿಂದ ಮೈಕ್ರೋಸಾಫ್ಟ್ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಅದರ ಸರ್ವರ್ ಭಾಗವನ್ನು ಮೊದಲೇ ಹಾಕಿ ಕೊಡುವುದನ್ನು ಬಿಟ್ಟಿತು. ಯಂತ್ರಕ್ಕೆ ಹೊಸ ಫರ್ಮ್‌ವೇರ್ ಸಿಗಲಿಲ್ಲ. ಕೌಂಟರಿನ ಕಂಪ್ಯೂಟರಿನಲ್ಲಿ ಯಂತ್ರದ ಸ್ಕ್ಯಾನ್ ಸಾಫ್ಟ್‌ವೇರ್ ಹಾಕಿ, ಅಲ್ಲಿಂದಲೇ ಸ್ಕ್ಯಾನ್ ಎಳೆದು ಝಡ್‌ಗೆ ಸೇವ್ ಮಾಡುವ ವ್ಯವಸ್ಥೆಯಾಯಿತು. ಒಂದು ಬಟನ್ ಒತ್ತುವ ಸುಖ ಹೋಯಿತೆಂದು ಗೊಣಗಾಟ ಇದ್ದೇ ಇದೆ.

ಕರೆಂಟಿನದು ಇನ್ನೂ ಮುಖ್ಯ. ಸರ್ವರಿಗೆ 600 ವಿಎ ಯುಪಿಎಸ್ ಇತ್ತು, ಸ್ವಿಚ್ಚಿನ ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿತ್ತು. ಕರೆಂಟ್ ಹೋದಾಗ ಸರ್ವರ್ ಓಡುತ್ತಲೇ ಇರುತ್ತದೆ, ಸ್ವಿಚ್ ಸಾಯುತ್ತದೆ, ಕೌಂಟರಿನಲ್ಲಿ ಅರ್ಧ ಬರೆದ ವೋಚರ್ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಟ್ಯಾಲಿ ಡೇಟಾ ಆಗಾಗ ಕೆಟ್ಟು ರಿಪೇರಿ ಮಾಡಿಸುತ್ತಿದ್ದದ್ದಕ್ಕೆ ಇದೇ ಕಾರಣವೆಂದು ಧಾರಾಳವಾಗಿ ಅನುಮಾನಿಸಬಹುದು. ಸ್ವಿಚ್, ರೂಟರ್ ಎರಡೂ ಎಳೆಯುವುದು ಕೆಲವೇ ವ್ಯಾಟ್, ಅವನ್ನೂ ಅದೇ ಯುಪಿಎಸ್ಸಿಗೆ ಹಾಕಲಾಯಿತು. ಸರ್ವರಿನ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ‘ನೆವರ್’ ಆಯಿತು, ಊಟ ಮಾಡಿ ಬಂದಾಗ ಫೋಲ್ಡರ್ ತೆರೆಯದೆ ಇರುತ್ತಿದ್ದದ್ದು ಇದರಿಂದ. ಬಯೋಸಿನಲ್ಲಿ ಕರೆಂಟ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆಯನ್ನೂ ಹಾಕಿಟ್ಟರೆ ರಾತ್ರಿ ಕರೆಂಟ್ ಹೋಗಿ ಬಂದರೂ ಬೆಳಿಗ್ಗೆ ಸರ್ವರ್ ಎದ್ದಿರುತ್ತದೆ.

ಬಾಕಿ ಉಳಿದದ್ದು ಸರ್ವರೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಜಾಗಕ್ಕೆ ವಿಂಡೋಸ್ 11 ಪ್ರೊ ಬಂದಾಗ ಒಳಬರುವ ಸಂಪರ್ಕಗಳಿಗೂ ಸೈನಿಂಗ್ ಕಡ್ಡಾಯವಾಗುತ್ತದೆ. ಯೂಸರ್, ಪಾಸ್‌ವರ್ಡ್ ಇರುವ ಕಂಪ್ಯೂಟರುಗಳಿಗೆ ಅದರಿಂದ ತೊಂದರೆ ಇಲ್ಲ. ಹೊಸ ಯಂತ್ರಕ್ಕೂ ‘ಸರ್ವರ್’ ಎಂಬ ಹೆಸರು, 192.168.1.10 ವಿಳಾಸ, ‘ಮಂಡಿ’ ಎಂಬ ಶೇರ್ ಹೆಸರು, ಅದೇ ನಾಲ್ಕು ಯೂಸರ್, ಅದೇ ಪಾಸ್‌ವರ್ಡ್ ಕೊಟ್ಟರೆ ಕೌಂಟರಿನಲ್ಲಾಗಲಿ ಗೋಡೌನಿನಲ್ಲಾಗಲಿ ಏನನ್ನೂ ಮುಟ್ಟಬೇಕಾಗಿಲ್ಲ. ಈ ಐದು ವಿವರ, ರೂಟರಿನ ಲಾಗಿನ್, ಗೋಡೌನಿನ ರೂಟರಿನ 192.168.1.2 ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ದಾಖಲೆಗಳ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ ಬೀಗ ಹಾಕಿದ್ದಾರೆ.